ಹಳೆಯ ಎಂಜಿನ್ನಿಗೆ ಯಾವ ಎಣ್ಣೆ?

ಮಲೆನಾಡಿನ ರೈತರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ನಮ್ಮ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ



ಹಿಂದಿನ ಸಭೆಯ ಕೊನೆಯಲ್ಲಿ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಎತ್ತಿದ್ದರು. ಚಳಿಯ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಉರಿಸುವ ಎಣ್ಣೆಯನ್ನೇ ಹಳೆಯ ಡೀಸೆಲ್ ಎಂಜಿನ್‌ಗಳಿಗೂ ಹಾಕಿ ಓಡಿಸುತ್ತಾರಂತೆ, ಅದು ಡೀಸೆಲ್‌ಗಿಂತ ಅಗ್ಗವಂತೆ. ಹಾಗಿದ್ದ ಮೇಲೆ ನಮ್ಮ ತೋಟದ ಪಂಪ್‌ಸೆಟ್ಟಿಗೆ, ಆಲೆಮನೆಯ ಎಂಜಿನ್ನಿಗೆ ಬಾಯ್ಲರ್ ಎಣ್ಣೆಯನ್ನು ಏಕೆ ಹಾಕಬಾರದು? ಆಗ ಹಿರಿಯರೊಬ್ಬರು, "ನಾವು ಸೀಮೆಎಣ್ಣೆ ಹಾಕಿಯೂ ಓಡಿಸಿದ್ದುಂಟು, ಎಂಜಿನ್ ಏನೂ ಹೇಳಲಿಲ್ಲ" ಎಂದರು. ಸಭೆ ನಕ್ಕಿತು. ಎಂಜಿನ್ ಏನೂ ಹೇಳುವುದಿಲ್ಲ ಎಂಬ ಮಾತು ನಿಜವೇ. ಅದರ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಯಾವುದೇ ಇಂಧನವನ್ನು 'ಬದಲಿ ಇಂಧನ' ಎಂದು ನಮ್ಮ ಮುಂದಿಟ್ಟಾಗ ಮೂರು ಪ್ರಶ್ನೆಗಳನ್ನು ಕೇಳೋಣ. ಇದು ಎಲ್ಲಿಂದ ಬಂತು? ಇದು ಅಗ್ಗವಾಗಿದ್ದರೆ ಏಕೆ ಅಗ್ಗ? ಉರಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಇಂದಿನ ಮಾತೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಎಲ್ಲವನ್ನೂ ಉಣ್ಣುವ ಯಂತ್ರ

ಮೊದಲಿಗೆ ಎಂಜಿನ್ನಿನ ಸ್ವಭಾವವನ್ನು ತಿಳಿಯೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ತಾಕಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಆ ಗಾಳಿ ತಾನಾಗಿಯೇ ಕಾಯುತ್ತದೆ. ಕಾದ ಗಾಳಿಯೊಳಕ್ಕೆ ನಾಜಲ್ ಮೂಲಕ ಎಣ್ಣೆಯನ್ನು ಸಿಂಪಡಿಸಿದರೆ ಅದು ತಕ್ಷಣ ಹೊತ್ತಿಕೊಳ್ಳುತ್ತದೆ. ಆದುದರಿಂದ ಸಣ್ಣ ಹನಿಗಳಾಗಿ ಒಡೆದು ಆ ಬಿಸಿಯಲ್ಲಿ ಹೊತ್ತಿಕೊಳ್ಳಬಲ್ಲ ಯಾವ ಎಣ್ಣೆಯಾದರೂ ಈ ಯಂತ್ರಕ್ಕೆ ಆಹಾರವಾಗಬಲ್ಲುದು.

ಈ ಗುಣ ಅದರ ಹುಟ್ಟಿನಿಂದಲೇ ಬಂದದ್ದು. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ. ಮೂರೇ ವರ್ಷಗಳ ಬಳಿಕ, 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ, ಆ ಮಾದರಿಯ ಒಂದು ಸಣ್ಣ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದಲೇ ಅಲ್ಲಿಗೆ ಬೇಕಾದ ಶಕ್ತಿ ದೊರೆತೀತೇ ಎಂಬುದು ಫ್ರೆಂಚ್ ಸರ್ಕಾರದ ಕುತೂಹಲವಾಗಿತ್ತು. ಬಳಿಕ ಕಲ್ಲೆಣ್ಣೆ ಹೇರಳವಾಗಿ, ಅಗ್ಗವಾಗಿ ದೊರೆಯತೊಡಗಿದಾಗ ಎಂಜಿನ್ನನ್ನೂ ಅದಕ್ಕೆ ಹೊಂದುವಂತೆ ತಿದ್ದುತ್ತ ಬರಲಾಯಿತು.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಒಂಟಿ ಸಿಲಿಂಡರಿನ, ದೊಡ್ಡ ಗಾಲಿಯ, ನಿಧಾನವಾಗಿ 'ಟುಕು ಟುಕು' ಎನ್ನುವ ಎಂಜಿನ್‌ಗಳು ಈ ಹಳೆಯ ಪರಂಪರೆಯವು. ಅವುಗಳ ಫ್ಯುಯೆಲ್ ಪಂಪು ಗಟ್ಟಿ, ನಾಜಲ್ಲಿನ ರಂಧ್ರ ದೊಡ್ಡದು, ರಿಪೇರಿ ಸುಲಭ. ಇಂದಿನ ಹೊಸ ವಾಹನಗಳ ಎಂಜಿನ್ ಬೇರೆಯೇ ಜಾತಿಯದು. ಕಾಮನ್ ರೈಲ್ ಎಂಬ ಆ ಏರ್ಪಾಡಿನಲ್ಲಿ ಎಣ್ಣೆಯ ಮೇಲಿನ ಒತ್ತಡ ವಾಯುಭಾರದ ಸಾವಿರ ಮಡಿಯನ್ನೂ ಮೀರುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಸೂಕ್ಷ್ಮ ಸಲಕರಣೆಗಳು ಅದಕ್ಕೆ ಜೋಡಿಸಿರುತ್ತವೆ. ಎಣ್ಣೆ ತುಸು ಕೆಟ್ಟರೂ ಸಾವಿರಾರು ರೂಪಾಯಿಯ ನಷ್ಟ. ಆದ್ದರಿಂದ ಇಂದು ನಾನು ಹೇಳುವುದೆಲ್ಲ ಹಳೆಯ ಎಂಜಿನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಒಂದೇ ತಾಯಿಯ ಇಬ್ಬರು ಮಕ್ಕಳು

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಜರ್ಮನಿಯಲ್ಲಿ ಅನೇಕ ಮನೆಗಳಿಗೆ ಎಣ್ಣೆಯ ತೊಟ್ಟಿಯಿರುತ್ತದೆ. ಚಳಿಗಾಲದಲ್ಲಿ ಆ ಎಣ್ಣೆಯನ್ನು ಉರಿಸಿ ಮನೆಯನ್ನು ಕಾಯಿಸುತ್ತಾರೆ. ಹೀಟಿಂಗ್ ಆಯಿಲ್ ಎಂದು ಅದರ ಹೆಸರು.

ಕಚ್ಚಾತೈಲವನ್ನು ಕಾಯಿಸಿ ಬಟ್ಟಿ ಇಳಿಸುವಾಗ ಮೊದಲು ಪೆಟ್ರೋಲಿನಂತಹ ಹಗುರ ಭಾಗಗಳು ಬರುತ್ತವೆ, ಬಳಿಕ ಸೀಮೆಎಣ್ಣೆ, ಅದರ ಬೆನ್ನಿಗೆ ಡೀಸೆಲ್ಲಿನ ಭಾಗ. ತಳದಲ್ಲಿ ಉಳಿಯುವುದು ಕುಲುಮೆ ಎಣ್ಣೆ ಮತ್ತು ಡಾಂಬರು. ಮನೆ ಕಾಯಿಸುವ ಎಣ್ಣೆ ಮತ್ತು ಡೀಸೆಲ್ ಎರಡೂ ನಡುವಿನ ಒಂದೇ ಭಾಗದಿಂದ ಬಂದವು. ಆದುದರಿಂದಲೇ ಹಳೆಯ ಎಂಜಿನ್ ಅವೆರಡರ ನಡುವೆ ಹೆಚ್ಚಿನ ಭೇದವನ್ನು ಎಣಿಸುವುದಿಲ್ಲ. ವ್ಯತ್ಯಾಸವಿರುವುದು ಸಂಸ್ಕರಣೆಯಲ್ಲಿ. ಎಂಜಿನ್ನಿನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳಬೇಕು, ಚಳಿಯಲ್ಲಿ ಎಷ್ಟರವರೆಗೆ ಹೆಪ್ಪುಗಟ್ಟಬಾರದು, ಗಂಧಕ ಎಷ್ಟಿರಬೇಕು ಎಂಬ ಕಟ್ಟುಪಾಡುಗಳನ್ನು ಡೀಸೆಲ್ಲಿಗೆ ಬಿಗಿಯಾಗಿ ವಿಧಿಸುತ್ತಾರೆ. ಒಲೆಯಲ್ಲಿ ಉರಿಯುವ ಎಣ್ಣೆಗೆ ಅಷ್ಟು ಬಿಗಿ ಇಲ್ಲ.

ನಮ್ಮ ಮೊದಲ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಕ್ಕಿತು. ಇದು ಎಲ್ಲಿಂದ ಬಂತು? ಅದೇ ಕಚ್ಚಾತೈಲದ ಬಾವಿಯಿಂದ. ಹಾಗಾಗಿ ಹೀಟಿಂಗ್ ಆಯಿಲ್ ಡೀಸೆಲ್ಲಿನ ಬದಲಿಯಲ್ಲ, ಅದರ ಒಡಹುಟ್ಟು. ಅದನ್ನು ಬಳಸಿದರೆ ಕಲ್ಲೆಣ್ಣೆ ಒಂದು ಹನಿಯೂ ಉಳಿಯದು, ಇಂಗಾಲದ ಹೊರೆ ಒಂದು ಗುಲಗಂಜಿಯಷ್ಟೂ ಇಳಿಯದು.

ಅಗ್ಗದ ಗುಟ್ಟು

ಎರಡನೆಯ ಪ್ರಶ್ನೆ, ಅದು ಏಕೆ ಅಗ್ಗ? ಮುಖ್ಯ ಕಾರಣ ತೆರಿಗೆ. ರಸ್ತೆಯಲ್ಲಿ ಓಡುವ ವಾಹನದ ಎಣ್ಣೆಗೆ ಸರ್ಕಾರಗಳು ಭಾರೀ ತೆರಿಗೆ ಹಾಕುತ್ತವೆ. ಚಳಿಯಲ್ಲಿ ಮನೆ ಕಾಯಿಸುವುದು ಜೀವದ ಅಗತ್ಯವಾದ್ದರಿಂದ ಅದರ ಎಣ್ಣೆಗೆ ರಿಯಾಯಿತಿ ಕೊಡುತ್ತವೆ. ಬ್ರಿಟನ್ನಿನ ಉದಾಹರಣೆ ನೋಡಿ. 2011ರಿಂದ 2022ರ ಮಾರ್ಚ್‌ವರೆಗೆ ಅಲ್ಲಿ ರಸ್ತೆಯ ಡೀಸೆಲ್ಲಿನ ಸುಂಕ ಲೀಟರಿಗೆ 57.95 ಪೆನ್ಸ್ ಇತ್ತು. ಹೊಲದ ಟ್ರ್ಯಾಕ್ಟರಿಗೂ ಕಟ್ಟಡ ಕಾಯಿಸುವುದಕ್ಕೂ ಕೊಡುತ್ತಿದ್ದ ರಿಯಾಯಿತಿ ಎಣ್ಣೆಗೆ ಕೇವಲ 11.14 ಪೆನ್ಸ್. ಎಣ್ಣೆ ಹೆಚ್ಚುಕಡಿಮೆ ಒಂದೇ, ಸುಂಕ ಮಾತ್ರ ಐದು ಪಟ್ಟು.

ಈ ಅಂತರ ದುರಾಸೆಗೆ ದಾರಿಯಾಗದಿರಲೆಂದು ರಿಯಾಯಿತಿ ಎಣ್ಣೆಗೆ ಬಣ್ಣ ಬೆರೆಸುತ್ತಾರೆ. ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಕೆಂಪು, ಐರ್ಲೆಂಡ್ ಗಣರಾಜ್ಯದಲ್ಲಿ ಹಸಿರು. ರಸ್ತೆಯ ವಾಹನದ ಟ್ಯಾಂಕಿನಲ್ಲಿ ಆ ಬಣ್ಣ ಕಂಡರೆ ದಂಡ. ಬಣ್ಣದ ಜೊತೆಗೆ, ಕಣ್ಣಿಗೆ ಕಾಣದ ಗುರುತಿನ ರಾಸಾಯನಿಕವನ್ನೂ ಯುರೋಪಿನ ಒಕ್ಕೂಟ 2002ರಿಂದ ಕಡ್ಡಾಯ ಮಾಡಿತು.

ಆದರೂ ದುರಾಸೆ ದಾರಿ ಹುಡುಕಿತು. ಆ ಕಥೆ ನಮ್ಮಂತಹ ಗುಡ್ಡಗಾಡಿನವರು ಕಿವಿಗೊಟ್ಟು ಕೇಳಬೇಕಾದದ್ದು. ಉತ್ತರ ಐರ್ಲೆಂಡಿನ ದಕ್ಷಿಣ ಅರ್ಮಾ ಮತ್ತು ಗಡಿಯಾಚೆಯ ಲೌತ್ ಕೌಂಟಿ ಬೆಟ್ಟಗುಡ್ಡ, ಹಸಿರು ಹೊಲ, ಸಣ್ಣ ಹಳ್ಳಗಳ ಸೀಮೆ. ಅಲ್ಲಿಯ ಹಿತ್ತಿಲ ಕೊಟ್ಟಿಗೆಗಳಲ್ಲಿ ಗುಟ್ಟಿನ ಘಟಕಗಳು ಎದ್ದವು. ರಿಯಾಯಿತಿ ಎಣ್ಣೆಗೆ ಆಮ್ಲ ಬೆರೆಸಿ, ಬಣ್ಣ ಹೀರುವ ಮಣ್ಣಿನಲ್ಲಿ ಸೋಸಿ, ಬಣ್ಣ ತೆಗೆದು ಅದನ್ನು ರಸ್ತೆಯ ಡೀಸೆಲ್ಲೆಂದು ಮಾರುವುದು ಅವುಗಳ ಕೆಲಸ. ಎಣ್ಣೆಯನ್ನು 'ತೊಳೆಯುವುದು' ಎಂದೇ ಅಲ್ಲಿ ಅದನ್ನು ಕರೆಯುತ್ತಾರೆ. ತೊಳೆದ ಮೇಲೆ ಉಳಿಯುವ ಆಮ್ಲಭರಿತ ಕಪ್ಪು ಕೆಸರನ್ನು ಏನು ಮಾಡುವುದು? ಸಾವಿರ ಲೀಟರಿನ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತುಂಬಿ ರಾತ್ರೋರಾತ್ರಿ ಹಳ್ಳಿರಸ್ತೆಯ ಬದಿಯಲ್ಲಿ, ಹೊಲದ ಅಂಚಿನಲ್ಲಿ, ಹಳ್ಳದ ದಡದಲ್ಲಿ ಬಿಟ್ಟುಹೋಗುತ್ತಿದ್ದರು. ಅದನ್ನು ಎತ್ತಿ ಸಾಗಿಸುವ ಖರ್ಚು ಸ್ಥಳೀಯ ಆಡಳಿತದ ಮೇಲೆ, ಎಂದರೆ ಜನರ ಮೇಲೆ ಬಿತ್ತು. 2015ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಸುಲಭವಾಗಿ ತೆಗೆಯಲಾಗದ ಹೊಸ ಗುರುತನ್ನು ಜಾರಿಗೆ ತಂದ ಮೇಲೆಯೇ ಈ ದಂಧೆ ಬಹುಮಟ್ಟಿಗೆ ಇಳಿದದ್ದು.

ಲೀಟರಿಗೆ ಒಂದಿಷ್ಟು ಹಣ ಉಳಿಸಿದವನು ಒಬ್ಬ, ಹಳ್ಳದ ನೀರು ಕೆಟ್ಟದ್ದು ಇನ್ನೊಬ್ಬನದು. ಅಗ್ಗದ ಎಣ್ಣೆಯ ಲೆಕ್ಕದಲ್ಲಿ ಈ ಎರಡನೆಯವನ ಹೆಸರು ಎಲ್ಲಿಯೂ ಬರೆದಿರುವುದಿಲ್ಲ.

ನಮ್ಮಲ್ಲಿಯೂ ಇದೇ ಕಥೆ

ಇದೆಲ್ಲ ದೂರದೇಶದ ಸಂಗತಿ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದಲ್ಲಿ ಮನೆ ಕಾಯಿಸುವ ಎಣ್ಣೆ ಇಲ್ಲದಿದ್ದರೂ ಪಡಿತರದ ನೀಲಿ ಸೀಮೆಎಣ್ಣೆ ಇತ್ತು. ಬಡವರ ದೀಪಕ್ಕೂ ಒಲೆಗೂ ಎಂದು ರಿಯಾಯಿತಿ ದರದಲ್ಲಿ ಕೊಟ್ಟ ಆ ಎಣ್ಣೆಗೆ ಗುರುತಿಗಾಗಿಯೇ ನೀಲಿ ಬಣ್ಣ. ಆದರೂ ಅದರ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ದಾರಿ ತಪ್ಪುತ್ತಿದೆ ಎಂದು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ 2005ರ ಅಧ್ಯಯನ ಅಂದಾಜಿಸಿತ್ತು. ಹಾಗೆ ದಾರಿ ತಪ್ಪಿದ ಎಣ್ಣೆಯಲ್ಲಿ ದೊಡ್ಡ ಭಾಗ ಡೀಸೆಲ್ಲಿಗೆ ಬೆರಕೆಯಾಗುತ್ತಿತ್ತು.

ಈ ಬೆರಕೆಯನ್ನು ತಡೆಯಲು ಹೊರಟವರು ತೆತ್ತ ಬೆಲೆ ನಮಗೆ ಗೊತ್ತಿರಬೇಕು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದ ಮಂಜುನಾಥ ಷಣ್ಮುಗಂ ಎಂಬ ಯುವಕ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಬೆರಕೆ ಎಣ್ಣೆಯ ವಿರುದ್ಧ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ವಯಸ್ಸು ಕೇವಲ 27. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರನ್ನು ಎಣ್ಣೆಕಳ್ಳರು ಜೀವಂತ ಸುಟ್ಟರು. "ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಏನಾಗುತ್ತದೆ" ಎಂಬ ಹಗುರ ಮಾತಿನ ಹಿಂದೆ ಇಂತಹ ಸಾವುಗಳಿವೆ.

ಯಂತ್ರದ ದೃಷ್ಟಿಯಿಂದಲೂ ಅದು ಲಾಭವಲ್ಲ. ಸೀಮೆಎಣ್ಣೆ ತೆಳು, ಅದರಲ್ಲಿ ಜಿಡ್ಡು ಕಡಿಮೆ. ಡೀಸೆಲ್ ಎಂಜಿನ್ನಿನ ಫ್ಯುಯೆಲ್ ಪಂಪಿಗೆ ಬೇರೆ ಕೀಲೆಣ್ಣೆ ಅಷ್ಟಾಗಿ ತಾಗುವುದಿಲ್ಲ. ತನ್ನೊಳಗೆ ಹಾಯುವ ಇಂಧನದ ಜಿಡ್ಡಿನಿಂದಲೇ ಅದರ ಒಳಭಾಗ ನುಣುಪಾಗಿರಬೇಕು. ಸೀಮೆಎಣ್ಣೆ ಹಾಯುತ್ತ ಹೋದರೆ ಪಂಪು ಸವೆಯುತ್ತದೆ. ಎಂಜಿನ್ ಆ ದಿನ ಏನೂ ಹೇಳುವುದಿಲ್ಲ ನಿಜ. ಮುಂದೊಂದು ದಿನ ಮೆಕ್ಯಾನಿಕ್ ಹೇಳುತ್ತಾನೆ.

ಇನ್ನು ಬಾಯ್ಲರ್ ಎಣ್ಣೆ. ಲೈಟ್ ಡೀಸೆಲ್ ಆಯಿಲ್ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಒಂದು ಎಣ್ಣೆಯುಂಟು. ಹೆಸರಿನಲ್ಲಿ 'ಲೈಟ್' ಇದ್ದರೂ ಅದು ಪಂಪ್‌ಸೆಟ್ಟಿನ ಡೀಸೆಲ್ಲಿಗಿಂತ ಒರಟು. ಬಟ್ಟಿಯ ತಳದಲ್ಲಿ ಉಳಿದ ಭಾಗವೂ ಅದರಲ್ಲಿ ಸ್ವಲ್ಪ ಸೇರಿರುತ್ತದೆ. ಕುಲುಮೆ, ಬಾಯ್ಲರ್‌ಗಳಿಗೆ ಹಾಗೂ ನಿಮಿಷಕ್ಕೆ 750 ಸುತ್ತಿಗಿಂತ ನಿಧಾನವಾಗಿ ತಿರುಗುವ ಎಂಜಿನ್‌ಗಳಿಗೆ ಅದು ತಕ್ಕುದು. ನಮ್ಮ ತೋಟಗಳಲ್ಲಿ ಈಗ ಇರುವ ಪಂಪ್‌ಸೆಟ್‌ಗಳಲ್ಲಿ ಬಹುಪಾಲು ನಿಮಿಷಕ್ಕೆ 1500 ಸುತ್ತಿನವು. ಅವುಗಳಿಗೆ ಇದನ್ನು ಹಾಕಿದರೆ ನಾಜಲ್ ಕಟ್ಟುತ್ತದೆ, ಪಿಸ್ಟನ್ನಿನ ರಿಂಗುಗಳಲ್ಲಿ ಮಸಿ ಕೂರುತ್ತದೆ, ಲೈನರ್ ಸವೆಯುತ್ತದೆ. ಎಣ್ಣೆಯಲ್ಲಿ ಉಳಿಸಿದ ಹಣ ಬಿಡಿಭಾಗದ ಅಂಗಡಿಗೆ ಸೇರುತ್ತದೆ.

ಹೊಗೆ ಎಲ್ಲಿಗೆ ಹೋಗುತ್ತದೆ?

ಮೂರನೆಯ ಪ್ರಶ್ನೆಯೇ ಪರಿಸರದವರಾದ ನಮಗೆ ಮುಖ್ಯವಾದದ್ದು. ಎಣ್ಣೆಯಲ್ಲಿರುವ ಗಂಧಕ ಉರಿದು ಗಂಧಕದ ಅನಿಲವಾಗುತ್ತದೆ, ತೇವಕ್ಕೆ ಸಿಕ್ಕಿ ಆಮ್ಲವಾಗುತ್ತದೆ, ಸೂಕ್ಷ್ಮ ಕಣಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ಹಿಂದೆ ಮನೆ ಕಾಯಿಸುವ ಎಣ್ಣೆಯಲ್ಲಿ ಹತ್ತು ಲಕ್ಷ ಭಾಗಕ್ಕೆ 5000 ಭಾಗದವರೆಗೂ ಗಂಧಕವಿರಲು ಅವಕಾಶವಿತ್ತು. ನ್ಯೂಯಾರ್ಕ್ ರಾಜ್ಯ 2012ರಲ್ಲಿ ಆ ಮಿತಿಯನ್ನು 15ಕ್ಕೆ ಇಳಿಸಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರುವ ಬಿ.ಎಸ್. 6 ಡೀಸೆಲ್ಲಿನಲ್ಲಿ ಗಂಧಕದ ಮಿತಿ 10 ಭಾಗ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: 5000 ಭಾಗದ ಎಣ್ಣೆಯ ಒಂದು ಲೀಟರಿನಲ್ಲಿ ನಾಲ್ಕು ಗ್ರಾಂಗೂ ಹೆಚ್ಚು ಗಂಧಕವಿರುತ್ತದೆ; ನಮ್ಮ ಈಗಿನ ಡೀಸೆಲ್ಲಿನಲ್ಲಿ ಅದರ ಐನೂರನೇ ಒಂದು ಭಾಗ ಮಾತ್ರ. ದೇಶ ವರ್ಷಗಟ್ಟಲೆ ಶ್ರಮಿಸಿ, ಸಂಸ್ಕರಣಾಗಾರಗಳಿಗೆ ಅಪಾರ ಹಣ ಸುರಿದು ಪಡೆದ ಈ ಶುದ್ಧಿಯನ್ನು ಕುಲುಮೆಯ ಎಣ್ಣೆ ತಂದು ಕೈಯಾರೆ ಕಳೆದುಕೊಳ್ಳುವುದು ಯಾವ ಜಾಣತನ?

ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಖಚಿತಪಡಿಸಿತು. ಬಯಲಿನಲ್ಲಿ ಹೊಗೆಯನ್ನು ಗಾಳಿ ಒಯ್ಯುತ್ತದೆ. ನಮ್ಮ ಕಣಿವೆಗಳಲ್ಲಿ ಚಳಿಗಾಲದ ಮುಂಜಾನೆ ಮಂಜಿನ ಜೊತೆಗೆ ಹೊಗೆಯೂ ತೋಟದ ಮೇಲೆಯೇ ಹಾಸಿಕೊಂಡಿರುತ್ತದೆ. ಎಂಜಿನ್ನಿನ ಪಕ್ಕದಲ್ಲಿ ದಿನವಿಡೀ ಕಬ್ಬು ಕೊಡುವವನು, ಔಷಧಿ ಹೊಡೆಯುವವನು, ಆಲೆಮನೆಯಂಗಳದಲ್ಲಿ ಆಡುವ ಮಕ್ಕಳು, ಇವರೆಲ್ಲರೂ ಮೊದಲು ಆ ಹೊಗೆಯನ್ನು ಉಸಿರಾಡುವವರು.

ನಮ್ಮ ಮರದ ಎಣ್ಣೆ

ಹಾಗಾದರೆ ಹಳೆಯ ಎಂಜಿನ್ನಿಗೆ ನಿಜವಾದ ಬದಲಿ ಇಲ್ಲವೇ? ಇದೆ, ಆದರೆ ಮಿತಿಯೊಡನೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಮತ್ತು ಅವರ ಸಂಗಡಿಗರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ, ನೀರೆತ್ತಿ ತೋರಿಸಿದರು. ಮುಂದೆ 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನೂ ತಂದಿತು. ದೀಪಕ್ಕೆ ಹೊಂಗೆ ಎಣ್ಣೆ, ಕರಾವಳಿಯಲ್ಲಿ ಹೊನ್ನೆ ಎಣ್ಣೆ ಉರಿಸಿದ ಅಜ್ಜಿಯರ ಮೊಮ್ಮಕ್ಕಳು ನಾವು. ಈ ವಿದ್ಯೆ ನಮಗೆ ಪರಕೀಯವಲ್ಲ.

ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ತಣ್ಣಗಿರುವಾಗ ಅದನ್ನು ಹಾಗೆಯೇ ಸುರಿದರೆ ಸಿಂಪಡಣೆ ಸರಿಯಾಗದೆ ಮಸಿ ಕಟ್ಟುತ್ತದೆ. ಆದ್ದರಿಂದ ಎಣ್ಣೆಯನ್ನು ಚೆನ್ನಾಗಿ ತಿಳಿಗೊಳಿಸಿ ಸೋಸಬೇಕು. ಎಂಜಿನ್ನನ್ನು ಡೀಸೆಲ್ಲಿನಲ್ಲಿ ಚಾಲೂ ಮಾಡಿ, ಅದು ಕಾದ ಮೇಲೆ, ಸೈಲೆನ್ಸರಿನ ಶಾಖದಿಂದ ಬಿಸಿಮಾಡಿದ ಹೊಂಗೆ ಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಕೆಲವು ನಿಮಿಷ ಡೀಸೆಲ್ಲಿನಲ್ಲಿ ಓಡಿಸಿ ಪಂಪು, ನಾಜಲ್‌ಗಳನ್ನು ತೊಳೆದಿಡಬೇಕು. ಫಿಲ್ಟರನ್ನೂ ಎಂಜಿನ್ ಆಯಿಲನ್ನೂ ಹೆಚ್ಚು ಸಲ ಬದಲಿಸಬೇಕು. ಇಷ್ಟು ಶಿಸ್ತು ಇದ್ದವರಿಗೆ ಮಾತ್ರ ಇದು ಒಗ್ಗುತ್ತದೆ. ರಾಸಾಯನಿಕವಾಗಿ ಸಂಸ್ಕರಿಸಿದ ಜೈವಿಕ ಡೀಸೆಲ್ ಇನ್ನೂ ಸಲೀಸು. ಆದರೆ ಅದಕ್ಕೆ ಮೆಥನಾಲ್ ಎಂಬ ವಿಷಕಾರಿ, ಬೇಗ ಹೊತ್ತಿಕೊಳ್ಳುವ ದ್ರವ ಬೇಕು. ಅದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ.

ಇನ್ನು ಲೆಕ್ಕ. ಐದು ಅಶ್ವಶಕ್ತಿಯ ಎಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಎಣ್ಣೆ ಕುಡಿಯುತ್ತದೆ. ಗಾಣದಲ್ಲಿ ಒಂದು ಲೀಟರ್ ಹೊಂಗೆ ಎಣ್ಣೆಗೆ ನಾಲ್ಕು ಕಿಲೋ ಬೀಜವಾದರೂ ಬೇಕು. ವರ್ಷಕ್ಕೆ ನೂರು ಗಂಟೆ ಓಡಿಸಿದರೆ 400 ಕಿಲೋ. ಬೆಳೆದ ಮರವೊಂದಕ್ಕೆ 20 ಕಿಲೋ ಸಿಕ್ಕಿತೆಂದು ಇಟ್ಟುಕೊಂಡರೆ 20 ಮರಗಳು. ಒಂದು ಮನೆಯ ಬೇಲಿಯಲ್ಲಿ, ಗದ್ದೆಯ ಬದುವಿನಲ್ಲಿ ಇಷ್ಟು ಮರ ಬೆಳೆಸುವುದು ಅಸಾಧ್ಯವಲ್ಲ. ಹಿಂಡಿ ತೋಟದ ಗೊಬ್ಬರವಾಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ, ಬೇಲಿಯಿಂದ ಬಂತು. ಎರಡನೆಯದಕ್ಕೆ, ದುಡಿಮೆ ನಮ್ಮದೇ ಆದ್ದರಿಂದ ಅಗ್ಗ. ಮೂರನೆಯದಕ್ಕೆ, ಗಂಧಕ ಅತ್ಯಲ್ಪ, ಇಂಗಾಲ ಮರಳಿ ಮರಕ್ಕೆ. ಹೊಗೆ ಮಾತ್ರ ಇದ್ದೇ ಇದೆ.

ಆದರೆ ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಬೇಲಿಯ ಇಪ್ಪತ್ತು ಮರ ಒಂದು ಪಂಪನ್ನು ಓಡಿಸಬಲ್ಲುದೇ ಹೊರತು ಊರಿನ ಲಾರಿಗಳನ್ನಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಫಾ ಬೆಳೆದು ದೇಶದ ಡೀಸೆಲ್ಲಿನ ಐದನೇ ಒಂದು ಭಾಗವನ್ನು ತುಂಬುವ ಕನಸನ್ನು ಮುಂದಿಟ್ಟಿತು. ಬಂಜರು ಎಂದು ಕರೆದ ಗೋಮಾಳಗಳಲ್ಲಿ ಗಿಡ ನೆಟ್ಟದ್ದಾಯಿತು. ಇಳುವರಿ ಕೈಕೊಟ್ಟಿತು, ಗುರಿ ಕೈಗೂಡಲಿಲ್ಲ. ನಮ್ಮ ಸೊಪ್ಪಿನಬೆಟ್ಟಗಳನ್ನು ಯಾರಾದರೂ ಎಣ್ಣೆಮರದ ಏಕಜಾತಿ ತೋಪಾಗಿಸಲು ಬಂದರೆ ಈ ಪಾಠವನ್ನು ನೆನಪಿಸಬೇಕು. ಹಾಗೆಯೇ ಕಾಡಿನ ಹಳ್ಳದಂಚಿನ ಹೊಂಗೆ, ಸುರಹೊನ್ನೆಗಳ ಬೀಜವನ್ನೆಲ್ಲ ಬಾಚಿ ತರುವುದೂ ಸಲ್ಲದು. ಅದರಲ್ಲಿ ಬಾವಲಿಗೆ ಪಾಲಿದೆ, ನಾಳೆಯ ಸಸಿಗೆ ಪಾಲಿದೆ, ದಡವನ್ನು ಹಿಡಿದಿಟ್ಟ ಬೇರಿನ ಮುಂದಿನ ತಲೆಮಾರಿಗೆ ಪಾಲಿದೆ.

ಓಡಿಸದ ಗಂಟೆ

ಬಂಧುಗಳೇ, ಎಣ್ಣೆಗೆ ಬದಲಿ ಹುಡುಕುವ ಮುನ್ನ ಎಂಜಿನ್ ಓಡುವ ಗಂಟೆಗಳನ್ನು ಎಣಿಸೋಣ. ಮೇಲಿನ ಅಬ್ಬಿಯಿಂದ ದಂಬೆಯಲ್ಲಿ ನೀರನ್ನು ತಾನಾಗಿ ಇಳಿಸಿಕೊಂಡು ತೋಟ ತಣಿಸಿದವರು ನಮ್ಮ ಹಿರಿಯರು. ಅದೇ ಹಳ್ಳದ ಇಳಿನೀರಿನಿಂದ ಸಣ್ಣ ಚಕ್ರ ತಿರುಗಿಸಿ ಮನೆಗೆ ಬೆಳಕು ಮಾಡಿಕೊಂಡ ಕುಟುಂಬಗಳು ಇಂದು ಮಲೆನಾಡಿನಲ್ಲಿ ಅನೇಕ. ಬಿಸಿಲು ಬೀಳುವ ಕಡೆ ಸೌರ ಪಂಪಿಗೆ 2019ರಿಂದ ಕುಸುಮ್ ಯೋಜನೆಯ ಸಹಾಯಧನವಿದೆ. ಪಂಪಿನ ಫುಟ್‌ವಾಲ್ವ್ ಸೋರದಂತೆ ನೋಡಿಕೊಂಡರೆ, ಬುಡಕ್ಕೆ ತರಗೆಲೆ ಮುಚ್ಚಿದರೆ ಒಂದು ಸಲದ ನೀರಾದರೂ ಉಳಿಯುತ್ತದೆ. ಇವೆಲ್ಲ ಆದ ಮೇಲೂ ಉಳಿಯುವ ಕೆಲವು ಗಂಟೆಗಳಿಗೆ ಹಳೆಯ ಎಂಜಿನ್ ಇರಲಿ, ಬೇಲಿಯ ಹೊಂಗೆ ಇರಲಿ, ಹೊಂಗೆ ಸಾಲದಿದ್ದರೆ ಬಂಕಿನ ಶುದ್ಧ ಡೀಸೆಲ್ ಇರಲಿ.

ಯಾರಾದರೂ ಡ್ರಮ್ಮಿನಲ್ಲಿ ಅಗ್ಗದ ಎಣ್ಣೆ ತಂದು ಮನೆಬಾಗಿಲಲ್ಲಿ ನಿಂತಾಗ ಮಾತ್ರ ಆ ಮೂರು ಪ್ರಶ್ನೆಗಳನ್ನು ಮರೆಯಬೇಡಿ. ಎಲ್ಲಿಂದ ಬಂತು, ಏಕೆ ಅಗ್ಗ, ಉರಿದು ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ನೇರ ಉತ್ತರ ಕೊಡದವನ ಎಣ್ಣೆ ನಮ್ಮ ಎಂಜಿನ್ನಿಗೆ ಬೇಡ. ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಭೆಗೆ ಬರುವಾಗ ನಿಮ್ಮ ಊರಿನಲ್ಲಿ ಎಷ್ಟು ಎಂಜಿನ್‌ಗಳಿವೆ, ವರ್ಷಕ್ಕೆ ಎಷ್ಟು ಗಂಟೆ ಓಡುತ್ತವೆ, ಬೇಲಿಯಲ್ಲಿ ಎಷ್ಟು ಹೊಂಗೆ ಮರಗಳಿವೆ ಎಂದು ಬರೆದು ತನ್ನಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಉಳಿದದ್ದನ್ನು ಮಾತಾಡೋಣ.